ಕಪ್ಪು ಬಣ್ಣದ ಹದಿನೆಂಟು

ಕಂಡದ್ದನ್ನೆಲ್ಲ ಬೆರಳಗೆಣ್ಣಿನಿಂದ ಎರಡು ಸಲ ಕುಟ್ಟಿ ನೋಡುವ ಚಾಳಿ ಆ ಮನುಷ್ಯನಿಗಿತ್ತು. ಕೂರುವ ಮುಂಚೆ ಮೇಜು, ಕಾಲಿಡುವ ಮುಂಚೆ ಬಾಗಿಲು, ಲಿಫ್ಟಿನ ಗೋಡೆ, ಮನೆಗೆ ಹೊಸ ಫ್ರಿಜ್ಜು ಬಂದರೆ ಅದರ ಬೆನ್ನು. ಟಕ್, ಟಕ್. ಕುಟ್ಟಿ, ಒಂದು ಗಳಿಗೆ ತಲೆ ವಾರೆ ಮಾಡಿ ಕೇಳಿಸಿಕೊಂಡು, ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ಮುಂದಿನ ಕೆಲಸ. "ಒಂದಿನ ನನ್ನ ತಲೇನೂ ಕುಟ್ತಾರೆ, ನೋಡ್ತಿರಿ. ಒಳಗೆ ಏನಾದ್ರೂ ಇದೆಯಾ ಅಂತ," ಎಂದು ಹೆಂಡತಿ ಬಂದವರೆದುರಿಗೆಲ್ಲ ಹೇಳಿ ನಗುತ್ತಿದ್ದಳು. ಬಂದವರೂ ನಗುತ್ತಿದ್ದರು. ಈ ಚಾಳಿ ಯಾವಾಗ ಅಂಟಿಕೊಂಡಿತು ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೂ ಅವನು ಹಾರಿಕೆಯ ಮಾತಾಡಿ ತಪ್ಪಿಸಿಕೊಳ್ಳುತ್ತಿದ್ದ ಅನ್ನಿ. ಆದರೆ ಅವನಿಗೆ ಗೊತ್ತಿತ್ತು. ವಾರ, ತಾರೀಖು, ಹೊತ್ತು ಸಮೇತ ಗೊತ್ತಿತ್ತು.

ಕಚೇರಿಯಲ್ಲಿ ಅವನಿಗೆ ಬಿದ್ದಿದ್ದ ಹೆಸರು ದಶಾಂಶ. ಏನು ಕೇಳಿದರೂ ಚುಕ್ಕಿ ಇಟ್ಟು ಮುಂದೆ ಎರಡು ಅಂಕಿ ಹೇಳದೆ ಬಿಡುತ್ತಿರಲಿಲ್ಲ. ಮಗಳು ಹುಟ್ಟಿದಾಗ ತೂಕ ಎಷ್ಟು ಎಂದು ಕೇಳಿದವರಿಗೂ ಹಾಗೇ ಹೇಳಿದನಂತೆ, ಆಸ್ಪತ್ರೆಯ ನರ್ಸೇ ತಿರುಗಿ ನೋಡಿದಳಂತೆ. ಕೆಲಸ ಇನ್ವೆಸ್ಟ್‌ಮೆಂಟ್ ಬ್ಯಾಂಕರ್. ಬ್ಯಾಂಕು ಎಂದ ಕೂಡಲೇ ಪಾಸ್‌ಬುಕ್ಕು, ಚೆಕ್ಕು ಎಂದುಕೊಳ್ಳಬೇಡಿ. ಅವನ ಅತ್ತೆ ಹಾಗೆಂದುಕೊಂಡು ಹತ್ತು ವರ್ಷ ತನ್ನ ಪಾಸ್‌ಬುಕ್ಕನ್ನು ಅಳಿಯನ ಮುಂದೆ ಹಿಡಿದಳು, "ಒಂದು ಸಲ ಎಂಟ್ರಿ ಹಾಕಿಸ್ಕೊಡಪ್ಪ" ಎಂದು. ಅವನದು ಕಂಪನಿಗಳನ್ನು ಮಾರುವವರಿಗೂ ಕೊಳ್ಳುವವರಿಗೂ ನಡುವೆ ನಿಂತು, ಇದರ ಬೆಲೆ ಇಷ್ಟು ಎಂದು ಹೇಳುವ ಕೆಲಸ. ಇಡೀ ಕಂಪನಿಯನ್ನು ಕಂಪ್ಯೂಟರಿನ ಒಂದು ಉದ್ದದ ಪಟ್ಟಿಯೊಳಗೆ ತುಂಬುವುದು, ಮುಂದಿನ ಮೂವತ್ತು ವರ್ಷ ಅದು ಎಷ್ಟು ದುಡಿಯುತ್ತದೆ, ಎಷ್ಟು ತಿನ್ನುತ್ತದೆ ಎಂದು ಲೆಕ್ಕ ಹಾಕುವುದು, ಕೊನೆಗೆ ಕೆಳಗಿನ ಮೂಲೆಯಲ್ಲಿ ಒಂದು ಬೆಲೆ.

ಆ ಪಟ್ಟಿ ಬರೆಯುವವರಲ್ಲಿ ಒಂದು ಕಟ್ಟುನಿಟ್ಟಿನ ರೂಢಿ ಇದೆ. ಲೆಕ್ಕದಿಂದ ತಾನಾಗಿ ಬಂದ ಸಂಖ್ಯೆ ಕಪ್ಪು. ಮನುಷ್ಯ ತನ್ನ ಕೈಯಾರೆ ಕೂರಿಸಿದ ಸಂಖ್ಯೆ ನೀಲಿ. ನೀಲಿ ಕಂಡರೆ ನೋಡುವವನು ನಿಂತು ಕೇಳಬೇಕು: ಇದನ್ನು ಯಾರು ಹಾಕಿದರು, ಯಾರ ಮಾತಿನ ಮೇಲೆ ಹಾಕಿದರು? ಕಪ್ಪು ಕಂಡರೆ ಯಾರೂ ಏನೂ ಕೇಳುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಸುವ ಪಾಠ ಇದು. ದಶಾಂಶ ಇದನ್ನು ಇಪ್ಪತ್ತೆರಡು ವರ್ಷಗಳ ಹಿಂದೆ, ಒಂದು ಶುಕ್ರವಾರ ಮಧ್ಯಾಹ್ನ ನಾಲ್ಕೂವರೆಗೆ, ಒಂದೇ ಒಂದು ಸಲ ಮುರಿದ.

ಆಮೇಲೆ ಅವನ ಏಳಿಗೆಗೇನೂ ಕೊರತೆಯಾಗಲಿಲ್ಲ. ನಲವತ್ತಕ್ಕೆ ಬ್ಯಾಂಕಿನ ಪಾಲುದಾರನಾದ. ಹನ್ನೊಂದನೇ ಮಹಡಿಯಲ್ಲಿ ಗಾಜಿನ ಕೋಣೆ ಕೊಟ್ಟರು. ಮೇಲೆ ಗಾಳಿ ಚೆನ್ನಾಗಿಲ್ಲ ಎಂದು ನೆಪ ಹೇಳಿ ಒಂಬತ್ತಕ್ಕೆ ಇಳಿದುಬಂದ. ಐವತ್ತಕ್ಕೆ ಎಲ್ಲವನ್ನೂ ಬಿಟ್ಟು, ಕಾಲು ಭಾಗದ ಸಂಬಳಕ್ಕೆ ಸರ್ಕಾರದ ಆಸ್ತಿ ಇಲಾಖೆಗೆ ನಿರ್ದೇಶಕನಾಗಿ ಸೇರಿದ. ಜನ ಸುಮ್ಮನಿರುತ್ತಾರೆಯೇ? ಅಧಿಕಾರದ ಆಸೆ ಎಂದರು ಕೆಲವರು. ಯಾವುದೋ ತನಿಖೆಯಿಂದ ತಪ್ಪಿಸಿಕೊಳ್ಳಲು ಎಂದರು ಕೆಲವರು. ದೇಶಸೇವೆ ಎಂದು ಪೇಪರಿನವರು ಬರೆದರು. ಮೂರೂ ಸುಳ್ಳು. ಅವನು ಬಂದದ್ದು ಒಂದು ಸಂಖ್ಯೆಯ ಹಿಂದೆ.

ಬಂದ ಮೊದಲ ವಾರವೇ ಇಲಾಖೆಯ ಕೈಪಿಡಿ ತರಿಸಿಕೊಂಡು, ಲಾಂಚುಗಳ ಅಧ್ಯಾಯ ತೆರೆದ. ಆ ಪಟ್ಟಣವನ್ನು ಎರಡು ಮಾಡಿ ಒಂದು ಅಗಲವಾದ ನದಿ ಹರಿಯುತ್ತದೆ. ಈ ದಡದಿಂದ ಆ ದಡಕ್ಕೆ ದಿನಕ್ಕೆ ಸಾವಿರಾರು ಜನ ಲಾಂಚಿನಲ್ಲಿ ಓಡಾಡುತ್ತಾರೆ. ಹನ್ನೆರಡು ನಿಮಿಷದ ಹಾದಿ. ಕೈಪಿಡಿಯಲ್ಲಿ ಅಚ್ಚುಕಟ್ಟಾಗಿ ಅಚ್ಚಾಗಿತ್ತು: "ತಳದ ತಗಡು ಬದಲಿಸುವ ಅವಧಿ: ಹದಿನೆಂಟು ವರ್ಷ. ಆಧಾರ: ಉದ್ಯಮದ ವಾಡಿಕೆ." ದಶಾಂಶ ಆ ಸಾಲನ್ನು ಎರಡು ಸಲ ಓದಿದ. ಎಲ್ಲಿಯ ಉದ್ಯಮ, ಯಾವ ವಾಡಿಕೆ! ಆ ಹದಿನೆಂಟು ಹುಟ್ಟಿದ್ದು ಅವನ ಮೇಜಿನ ಮೇಲೆ.

ಗದ್ದಲವಿಲ್ಲದೆ ಸರಿಪಡಿಸಿಬಿಡೋಣ ಎಂಬುದು ಅವನ ಎಣಿಕೆಯಾಗಿತ್ತು. "ಈ ಅವಧಿಯನ್ನು ಮರುಪರಿಶೀಲಿಸುವುದು ಸೂಕ್ತ" ಎಂದು ಒಂದು ಸಾಲಿನ ಟಿಪ್ಪಣಿ ಬರೆದ. ಅದು ಒಂದು ಸಮಿತಿಗೆ ಹೋಯಿತು, ಸಮಿತಿಯಿಂದ ಉಪಸಮಿತಿಗೆ ಹೋಯಿತು, ಹದಿನಾಲ್ಕು ತಿಂಗಳಾದ ಮೇಲೆ "ಬದಲಾವಣೆಗೆ ಕಾರಣ ಏನು?" ಎಂಬ ಪ್ರಶ್ನೆ ಹೊತ್ತು ಹಿಂದೆ ಬಂತು. ಕಾರಣ ಬರೆಯಬೇಕಿತ್ತು. ಬರೆಯಲಿಲ್ಲ. ಪಾಪ ಎನ್ನಬೇಡಿ, ಪಾಪ ಎನ್ನುವಂಥದ್ದೇನಿಲ್ಲ. ಪೆನ್ನು ಕೈಯಲ್ಲಿತ್ತು, ಕಾಗದ ಎದುರಿಗಿತ್ತು, ಆ ಮನುಷ್ಯ ಕಡತ ಮುಚ್ಚಿ ಕಾಫಿ ತರಿಸಿಕೊಂಡ.

ಮೂರು ತಿಂಗಳ ಹಿಂದೆ, ಬೆಳಗ್ಗೆ ಒಂಬತ್ತೂಕಾಲಕ್ಕೆ, ನಡುಹೊಳೆಯಲ್ಲಿ ಒಂದು ಲಾಂಚಿನ ತಳ ಬಿರಿಯಿತು. ಒಂಬತ್ತು ಜನ ಸತ್ತರು. ಅವರಲ್ಲೊಬ್ಬ ಆ ಲಾಂಚಿನ ಇಂಜಿನ್ ಮೇಸ್ತ್ರಿ. ನೀರು ನುಗ್ಗುತ್ತಿದ್ದ ಬಿರುಕಿಗೆ ಸೀಟಿನ ಮೆತ್ತೆಗಳನ್ನು ತುರುಕಲು ಕೆಳಗಿಳಿದವನು ಮೇಲೆ ಬರಲಿಲ್ಲ. ಅವನು ನೀರನ್ನು ತಡೆದ ಆ ಆರೇಳು ನಿಮಿಷದಲ್ಲಿ ಉಳಿದ ನೂರಾ ಹತ್ತು ಜನ ಇನ್ನೊಂದು ಲಾಂಚಿಗೆ ದಾಟಿಕೊಂಡರು.

ಈಗ ತನಿಖಾ ವರದಿ ದಶಾಂಶನ ಮೇಜಿನ ಮೇಲಿತ್ತು. ಲಾಂಚುಗಳು ಸರ್ಕಾರ ಖಾಸಗಿ ಕಂಪನಿಗೆ ಮಾರಿದ, ಆದರೆ ಈ ಇಲಾಖೆಯ ಉಸ್ತುವಾರಿಯಲ್ಲೇ ಉಳಿದ ಆಸ್ತಿಯಾದ್ದರಿಂದ ಅವನ ರುಜು ಬಿದ್ದರೆ ಅದೇ ಅಂತಿಮ. ವರದಿ ಹೇಳಿದ್ದು ಇಷ್ಟು: ಮುಳುಗಿದ ಲಾಂಚಿನ ತಳದ ತಗಡಿಗೆ ಹದಿನೇಳು ವರ್ಷ, ಅದು ಹದಿನೆಂಟರ ಮಿತಿಯೊಳಗೇ ಇದೆ, ಆದ್ದರಿಂದ ತಗಡು ಕಾರಣವಲ್ಲ, ಮೇಸ್ತ್ರಿಯ ನಿರ್ಲಕ್ಷ್ಯವೇ ಕಾರಣ. ಶುಕ್ರವಾರದೊಳಗೆ ರುಜು ಹಾಕಬೇಕಿತ್ತು. ಹಾಕಿದರೆ ಮೇಸ್ತ್ರಿಯ ಹೆಂಡತಿಗೆ ಬರಬೇಕಾದ ಪಿಂಚಣಿ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚಾಗಿ, ಎಂಟು ಜನರನ್ನು ಕೊಂದವನು ಎಂದು ಸತ್ತವನ ಹೆಸರು ಸರ್ಕಾರದ ಕಾಗದದಲ್ಲಿ ಎಂದೆಂದಿಗೂ ಉಳಿಯುತ್ತದೆ.

ಬುಧವಾರ ಮಧ್ಯಾಹ್ನ ಆ ಮೇಸ್ತ್ರಿಯ ಮಗಳು ಬಂದಳು. ಸಿಟಿ ಬಸ್ಸಿನ ಡ್ರೈವರು. ಮೂವತ್ತರ ಹೆಣ್ಣುಮಗಳು, ಯೂನಿಫಾರಂನಲ್ಲೇ ಬಂದಿದ್ದಳು, ಟೋಪಿ ಕಂಕುಳಲ್ಲಿತ್ತು. ಕೂರಿ ಎಂದರೆ ಕೂರಲಿಲ್ಲ.

"ಎರಡು ಟ್ರಿಪ್ಪಿನ ಮಧ್ಯೆ ಬಂದಿದೀನಿ ಸಾರ್, ಅರ್ಧ ಗಂಟೆ ಇದೆ. ನಮ್ಮಪ್ಪ ಎಂಥ ಕೆಲಸಗಾರ ಅಂತ ಹೇಳಿ ನಿಮ್ಮ ತಲೆ ತಿನ್ನಲ್ಲ. ಎಲ್ಲರ ಅಪ್ಪಂದಿರೂ ಒಳ್ಳೇವ್ರೇ. ನಿನ್ನೆ ಒಬ್ಬ ನನ್ನ ಬಸ್ ಹತ್ತುವಾಗ ಏನಂದ ಗೊತ್ತಾ? 'ನಿಮ್ಮಪ್ಪನ ಹಾಗೆ ಮುಳುಗಿಸ್ಬೇಡಮ್ಮ' ಅಂದ. ಇಡೀ ಬಸ್ಸು ನಕ್ಕಿತು. ನಾನು ಗೇರ್ ಹಾಕಿದೆ."

ಅವಳು ಚೀಲದಿಂದ ಒಂದು ಡೈರಿ ತೆಗೆದಳು. ಎಣ್ಣೆ ಕುಡಿದು ಮೆತ್ತಗಾದ ರಟ್ಟು.

"ಅಪ್ಪ ದಿನಾ ಬರೀತಿದ್ರು. ಎಷ್ಟು ಡೀಸೆಲ್, ಯಾವ ನಟ್ಟು ಬದಲಾಯ್ಸಿದ್ದು, ಯಾರು ಬಂದಿದ್ದು. ಇದು ಇಪ್ಪತ್ತೆರಡು ವರ್ಷದ ಹಿಂದಿನದು, ಕಂಪನೀನ ಮಾರೋ ಮುಂಚಿನದು. ಈ ಪುಟ ಓದಿ."

ಒತ್ತಿ ಬರೆದ ದಪ್ಪ ಅಕ್ಷರ. ದಶಾಂಶ ಓದಿದ.

"ಬ್ಯಾಂಕಿನವರು ಬಂದಿದ್ದರು. ಮೂವರು. ಕೆಳಗೆ ಇಳಿದವನು ಪಟ್ಟೆ ಟೈನವನು ಒಬ್ಬನೇ. ಸುತ್ತಿಗೆ ಕೊಟ್ಟು ತಗಡಿನ ಸದ್ದು ಕೇಳಿಸಿದೆ. ಎಷ್ಟು ವರ್ಷ ಬರುತ್ತೆ ಅಂದ. ಹನ್ನೊಂದು ಅಂದೆ. ಅದರ ಮೇಲೆ ಒಂದು ದಿನವೂ ಬೇಡ ಅಂದೆ. ಬರೆದುಕೊಂಡ. ಒಳ್ಳೆಯವನ ಹಾಗೆ ಕಂಡ."

"ನೋಡಿದ್ರಾ? ಹನ್ನೊಂದು ಅಂತ ಅಪ್ಪ ಅವತ್ತೇ ಹೇಳಿದಾರೆ. ಅವನು ಬರ್ಕೊಂಡೂ ಇದಾನೆ. ಮತ್ತೆ ಹದಿನೆಂಟು ಎಲ್ಲಿಂದ ಬಂತು? ಈ ಪಟ್ಟೆ ಟೈನವನನ್ನ ಹುಡುಕಿಕೊಡಿ ಸಾರ್. ನೀವೂ ಬ್ಯಾಂಕಿಂದ ಬಂದವ್ರಂತೆ, ನಿಮಗೆ ಆ ಜನ ಗೊತ್ತಿರ್ತಾರೆ. ಅವನೊಬ್ಬ ಬಂದು 'ಹೌದು, ಮೇಸ್ತ್ರಿ ಹೇಳಿದ್ದ' ಅಂತ ಒಂದು ಮಾತಂದ್ರೆ ಸಾಕು. ನಮಗೆ ಬೇರೇನೂ ಬೇಡ."

ಎದುರಿಗೇ ನಿಂತು ಅವನನ್ನೇ ಹುಡುಕಿಕೊಡು ಎಂದು ಅವನನ್ನೇ ಕೇಳುತ್ತಿದ್ದಾಳೆ. ನಾನೇ ಎನ್ನಲು ಬಾಯಿ ತೆರೆದ. "ನೋಡ್ತೀನಿ," ಎಂದಿತು ಬಾಯಿ. "ತುಂಬಾ ಹಳೇ ವಿಷ್ಯ ಅಲ್ವಾ, ಬ್ಯಾಂಕಿನ ಕಾಗದದಲ್ಲಿ ಯಾರ ಹೆಸರೂ ಇರಲ್ಲ. ಅಲ್ಲಿ ಎಲ್ಲದಕ್ಕೂ ಬ್ಯಾಂಕಿನ ಹೆಸರಲ್ಲೇ ರುಜು."

"ಬ್ಯಾಂಕು ಟೈ ಕಟ್ಕೊಳ್ಳಲ್ಲ ಸಾರ್," ಎಂದಳು ಅವಳು. "ಶುಕ್ರವಾರ ಬರ್ತೀನಿ."

ಅವಳು ಹೋದ ಮೇಲೆ ಅವನು ಅಭ್ಯಾಸಬಲದಿಂದ ಮೇಜಿನ ಮೇಲೆ ಬೆರಳು ಮಡಿಸಿದ. ಕುಟ್ಟಲಾಗಲಿಲ್ಲ.

ಇಪ್ಪತ್ತೆರಡು ವರ್ಷದಿಂದ ಅವನನ್ನು ಬಿಡದೆ ಕಾಡುತ್ತಿದ್ದದ್ದು ಒಂದು ಸದ್ದು. ಆ ಲಾಂಚಿನ ಹೊಟ್ಟೆಯೊಳಗೆ, ಬಗ್ಗಿ ನಿಲ್ಲಬೇಕಾದಷ್ಟು ಇಕ್ಕಟ್ಟಿನಲ್ಲಿ, ಮೇಸ್ತ್ರಿ ಟಾರ್ಚು ಬಿಟ್ಟು ತೋರಿಸಿದ್ದ. ಪಕ್ಕದಲ್ಲಿ ಇಂಜಿನ್ನಿನ ಬಿಸಿ, ಕಾಲ ಕೆಳಗೆ ಎಣ್ಣೆನೀರು. ಒಂದು ಕಡೆ ಕುಟ್ಟಿ, "ಇದು ಹೋದ ವರ್ಷ ಹಾಕಿದ್ದು, ಕೇಳಿ," ಎಂದ. ಟಣ್ಣೆಂದಿತು. ಇನ್ನೊಂದು ಕಡೆ ಕುಟ್ಟಿ, "ಇದಕ್ಕೆ ಹನ್ನೊಂದು ಮುಗೀತಾ ಬಂತು, ಇದನ್ನ ಕೇಳಿ," ಎಂದ. ಟಪ್ ಎಂದಿತು, ಮಂಕಾಗಿ, ಒದ್ದೆ ರಟ್ಟಿಗೆ ಹೊಡೆದ ಹಾಗೆ. ಮೇಸ್ತ್ರಿ ಸುತ್ತಿಗೆಯನ್ನು ಅವನ ಕೈಗೇ ಕೊಟ್ಟು, "ನೀವೇ ಹೊಡೀರಿ ಸಾಹೇಬ್ರೆ. ಕಿವಿ ಇದ್ದೋರಿಗೆ ಮೀಟರ್ ಬೇಡ," ಎಂದು ನಕ್ಕಿದ್ದ. ಅವನು ಹೊಡೆದ. ಕೇಳಿದ. ನೋಟ್‌ಬುಕ್ಕಿನಲ್ಲಿ ಹನ್ನೊಂದು ಎಂದು ಬರೆದುಕೊಂಡು ಅದರ ಕೆಳಗೆ ಎರಡು ಗೆರೆ ಎಳೆದ.

ಆ ಶುಕ್ರವಾರ ಮೇಜಿಗೆ ಬಂದು ಪಟ್ಟಿಯಲ್ಲಿ ಹನ್ನೊಂದು ಹಾಕಿದ, ನೀಲಿಯಲ್ಲೇ. ಕೆಳಗಿನ ಮೂಲೆಯ ಬೆಲೆ ಕುಸಿಯಿತು. ಲಾಂಚು ಕಂಪನಿಯನ್ನು ಮಾರುತ್ತಿದ್ದದ್ದು ಸರ್ಕಾರ. ಬೆಲೆ ಹೆಚ್ಚಿದ್ದಷ್ಟೂ ಮಂತ್ರಿಗೆ ಖುಷಿ, ಬ್ಯಾಂಕಿಗೆ ಹೆಸರು. ಹಿರಿಯ ಪಾಲುದಾರ ಹಿಂದೆ ನಿಂತು ಒಮ್ಮೆ ಪರದೆ ನೋಡಿದ. "ಇಷ್ಟೇನಾ? ಐದೂವರೆಗೆ ಮೀಟಿಂಗಿದೆ. ಬೆಲೆ ಮೇಲೆ ಬರ್ಬೇಕು. ಎಲ್ಲಿಂದ ತರ್ತೀಯೋ ನನ್ನ ಕೇಳ್ಬೇಡ," ಎಂದು ಹೇಳಿ ಹೋದ.

ಎಲ್ಲಿಂದ ತರುವುದು? ಟಿಕೆಟ್ಟಿನ ದರ ಸರ್ಕಾರದ್ದು, ಡೀಸೆಲ್ಲಿನದು ಮಾರುಕಟ್ಟೆಯದು. ಬಗ್ಗುವಂಥದ್ದು ತಗಡೊಂದೇ. ತಗಡನ್ನು ತಡವಾಗಿ ಬದಲಿಸಿದಷ್ಟೂ ಖರ್ಚು ಕಮ್ಮಿ, ಬೆಲೆ ಜಾಸ್ತಿ. ಹನ್ನೆರಡು ಹಾಕಿದ, ಸಾಲಲಿಲ್ಲ. ಹದಿಮೂರು, ಹದಿನಾಲ್ಕು, ಹದಿನೈದು. ಪ್ರತಿ ಸಲ ಕೆಳಗಿನ ಬೆಲೆ ಒಂದಿಷ್ಟು ಏರುತ್ತಿತ್ತು. ಹದಿನೆಂಟಕ್ಕೆ ಬೇಕಾದ ಗೆರೆ ದಾಟಿತು. ಅಲ್ಲೇ ನಿಲ್ಲಿಸಿದ. ನೀಲಿ ಬಣ್ಣದಲ್ಲಿ ಅದು ಎದ್ದು ಕಾಣುತ್ತಿತ್ತು. ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಅವನು ಆ ಖಾನೆಯ ಮೇಲೆ ಮೌಸು ಇಟ್ಟು ಬಣ್ಣ ಬದಲಿಸಿದ. ಕಪ್ಪು. ಸೋಮವಾರ ಬಂದು ಸರಿಮಾಡಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡ.

ಸೋಮವಾರ ಬರುವ ಹೊತ್ತಿಗೆ ಪಟ್ಟಿ ಮಂತ್ರಿಯ ಮೇಜಿನಲ್ಲಿತ್ತು. ಕೊಂಡ ಕಂಪನಿ ಅದನ್ನೇ ಒಪ್ಪಂದಕ್ಕೆ ಇಳಿಸಿಕೊಂಡಿತು, ಒಪ್ಪಂದದಿಂದ ಕೈಪಿಡಿಗೆ ಹೋಯಿತು, ಕೈಪಿಡಿಯಿಂದ ಬೇರೆ ಪಟ್ಟಣಗಳವರೂ ಎತ್ತಿಕೊಂಡರು. ಎರಡು ದಶಾಂಶವಿಲ್ಲದೆ ಉಸಿರೆತ್ತದ ಮನುಷ್ಯ ಜೀವನದಲ್ಲಿ ಒಂದೇ ಒಂದು ಬೋಳು ಸಂಖ್ಯೆ ಬರೆದಿದ್ದ, ಅದು ಉದ್ಯಮದ ವಾಡಿಕೆಯಾಗಿ ಕೂತಿತು.

ಗುರುವಾರ ಸಂಜೆ ಬೇಗ ಮನೆಗೆ ಬಂದು, ಏಣಿ ಹಾಕಿ ಅಟ್ಟ ಹತ್ತಿದ. ಹೆಂಡತಿಯದು ಕನ್ನಡಕದ ಅಂಗಡಿ. ಅವತ್ತು ಅವಳೂ ಮನೆಯಲ್ಲಿದ್ದಳು, ಊಟದ ಮೇಜಿನ ಮೇಲೆ ಫ್ರೇಮುಗಳನ್ನು ಹರವಿಕೊಂಡು ಸ್ಕ್ರೂ ಬಿಗಿಯುತ್ತಿದ್ದಳು.

"ಏನ್ರೀ ಅದು, ಅಟ್ಟಾನೂ ಕುಟ್ಟಿ ನೋಡ್ಬೇಕಾ?"

ಅವನು ಧೂಳು ಮೆತ್ತಿದ ಹಳೆಯ ನೋಟ್‌ಬುಕ್ಕು ಹಿಡಿದು ಇಳಿದ. ಹನ್ನೊಂದು ಇತ್ತು. ಎರಡು ಗೆರೆಯೂ ಇತ್ತು. ಅವಳ ಮುಂದೆ ಕೂತು ಎಲ್ಲ ಹೇಳಿದ. ಮೇಸ್ತ್ರಿ, ಸುತ್ತಿಗೆ, ನೀಲಿ, ಕಪ್ಪು, ಡೈರಿ, ಮಗಳು. ಹೇಳುತ್ತ ಹೋದಂತೆ ಮಾತು ತಂತಾನೇ ತನ್ನ ಕಡೆಗೆ ವಾಲುತ್ತಿರುವುದು ಅವನಿಗೇ ಗೊತ್ತಾಗುತ್ತಿತ್ತು. "ಒತ್ತಡ ಹಾಗಿತ್ತು ಕಣೆ. ಆಮೇಲೆ ಕೆಲಸದ ಮೇಲೆ ಕೆಲಸ ಬಂತು, ಮರೆತೇಬಿಟ್ಟೆ. ನಿಜವಾಗ್ಲೂ ತಲೆಯಿಂದಾನೇ ಹೋಗಿತ್ತು," ಎಂದ.

ಅವಳು ಸ್ಕ್ರೂ ಡ್ರೈವರನ್ನು ಕೆಳಗಿಟ್ಟಳು.

"ಮರೆತಿದ್ರಾ?"

"ಹೂಂ."

"ನಿಮಗೆ ನೀರು ಕಂಡ್ರೆ ಆಗಲ್ಲ ಅಂತ ಅಲ್ವಾ ನಾನು ತಿಳ್ಕೊಂಡಿದ್ದು?" ಅವಳ ದನಿ ಏರಲಿಲ್ಲ. "ಅಮ್ಮನ ಮನೆ ಆ ದಡದಲ್ಲಿ. ಲಾಂಚಲ್ಲಿ ಹನ್ನೆರಡು ನಿಮಿಷ, ಸೇತುವೆ ಸುತ್ತಿದ್ರೆ ಒಂದು ಗಂಟೆ. ಒಂದು ಸಲಾನಾದ್ರೂ ಲಾಂಚ್ ಹತ್ತಿಸಿದ್ರಾ ನಮ್ಮನ್ನ? ನಾನೊಬ್ಳೇ ಹೋಗ್ತೀನಿ ಅಂದ್ರೂ 'ನನಗೆ ಎದೆ ಹೊಡ್ಕೊಳ್ಳುತ್ತೆ' ಅಂತ ಕಾರ್ ತೆಗೀತಿದ್ರಿ. ಮಗಳ ಶಾಲೆಯವ್ರು ಲಾಂಚಲ್ಲಿ ಪಿಕ್ನಿಕ್ಕಿಗೆ ಹೊರಟಾಗ ಅವಳಿಗೆ ಜ್ವರ ಅಂತ ಸುಳ್ಳು ಹೇಳಿ ಮನೇಲಿ ಕೂರಿಸಿದ್ರಿ. ಅವಳು ದಿನವಿಡೀ ಅತ್ಲು."

ಅವನು ನೋಟ್‌ಬುಕ್ಕು ಮುಚ್ಚಿದ.

"ಆಸ್ಪತ್ರೆಯಿಂದ ಫೋನ್ ಬಂದ ದಿನ ನಾನು ಕೈಮುಗಿದು ಬೇಡ್ಕೊಂಡೆ. ಇವತ್ತೊಂದಿನ ಲಾಂಚಲ್ಲಿ ಹೋಗೋಣ, ಅಮ್ಮ ಕಾಯ್ತಿದಾರೆ ಅಂತ. ನೀವು ಸೇತುವೆ ಮೇಲೇ ಹೋದ್ರಿ. ಇಪ್ಪತ್ತು ನಿಮಿಷ ತಡ ಆಯ್ತು. ಅಮ್ಮ ಹೋಗಿದ್ರು. ಪಾಪ, ಹೆದರಿಕೆ ಮನುಷ್ಯ ಅಂತ ಅದನ್ನೂ ಹೊಟ್ಟೆಗೆ ಹಾಕ್ಕೊಂಡೆ." ಅವಳು ಒಂದೊಂದೇ ಫ್ರೇಮನ್ನು ಮಡಿಸಿ ಡಬ್ಬಿಗೆ ಹಾಕತೊಡಗಿದಳು. "ಮರೆತೋರು ಹೆಂಡ್ತಿ ಮಕ್ಕಳನ್ನ ಇಪ್ಪತ್ತೆರಡು ವರ್ಷ ಸುತ್ತು ಹಾಕಿಸಲ್ಲ ಕಣ್ರೀ. ನಿಮಗೆ ದಿನಾ ನೆನಪಿತ್ತು."

ಅವಳು ಹೇಳಿದ್ದು ನಿಜ, ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನು ಏನೇನು ಸಬೂಬು ಹೇಳಿಕೊಂಡಿದ್ದನೋ ಅವೆಲ್ಲ ಅವಳ ಒಂದು ಮಾತಿಗೆ ನಿಲ್ಲಲಿಲ್ಲ. ತನ್ನವರಿಗೆ ಹನ್ನೊಂದು, ಊರಿನವರಿಗೆ ಹದಿನೆಂಟು. ಹಾಗೆ ಬದುಕಿದ್ದ ಆ ಮನುಷ್ಯ. ಅವನಿಗೆ ಅಳು ಬಂತು, ನಾಚಿಕೆಯೂ ಬಂತು, ಅವಳೆದುರು ಅಳಲು ಮುಖವಿರಲಿಲ್ಲ.

"ನಾಳೆ ಬರೀತೀನಿ," ಎಂದ ಕೊನೆಗೆ.

"ಬರೀರಿ. ಆದ್ರೆ ಇದನ್ನೂ ಬರೀರಿ. ಒತ್ತಡ, ಮರೆವು ಅಂತ ಬರೆದು ತಿಪ್ಪೆ ಸಾರಿಸಿದ್ರೆ ಅದೂ ನಿಮ್ಮ ಕಪ್ಪು ಸಂಖ್ಯೆ ಥರಾನೇ."

ಅಷ್ಟು ಹೇಳಿ ಅವಳು ಡಬ್ಬಿ ಎತ್ತಿಕೊಂಡು ಮಗಳ ಕೋಣೆಗೆ ಹೋದಳು. ಮಗಳು ಕೆಲಸಕ್ಕೆಂದು ಬೇರೆ ಊರಿನಲ್ಲಿದ್ದಳು; ಕೋಣೆ ಖಾಲಿ ಇತ್ತು. ಬಾಗಿಲನ್ನು ಅವಳು ಮೆಲ್ಲಗೇ ಹಾಕಿಕೊಂಡಳು.

ಶುಕ್ರವಾರ ಬೆಳಗ್ಗೆ ಇಲಾಖೆಯ ಕಾರ್ಯದರ್ಶಿ ಅವನನ್ನು ಕರೆಸಿದಳು. ಅವಳು ಬುದ್ಧಿವಂತೆ, ಕೆಟ್ಟವಳಲ್ಲ. ಮೂವತ್ತು ವರ್ಷ ಕಡತಗಳ ನಡುವೆ ಬಾಳಿದವಳು. ಅವನು ಬಾಯಿಬಿಟ್ಟು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

"ಹಳೇ ಕಾಗದಾನೆಲ್ಲ ನಾನು ತರಿಸಿ ನೋಡಿದೀನಿ. ನಿಮ್ಮ ಹೆಸರು ಎಲ್ಲೂ ಇಲ್ಲ ಕಣ್ರೀ. ಬ್ಯಾಂಕಿಂದಷ್ಟೇ ಇದೆ, ಆ ಬ್ಯಾಂಕೂ ಈಗ ಇನ್ನೊಂದರ ಜೊತೆ ಸೇರ್ಕೊಂಡು ಹೆಸರು ಬದಲಾಯ್ಸಿದೆ. ಡೈರೀಲಿ ಇರೋದು ಒಂದು ಟೈ. ಟೈನ ಯಾರು ಜೈಲಿಗೆ ಹಾಕ್ತಾರೆ?"

"ಮೇಸ್ತ್ರಿ ಹೆಸರು ಇದೆಯಲ್ಲ ಮೇಡಂ."

"ಸತ್ತವನಿಗೆ ಏನು ನಷ್ಟ ಹೇಳಿ? ಪಿಂಚಣಿ ಬೇಕಾದ್ರೆ ಬೇರೆ ಯಾವುದಾದ್ರೂ ದಾರೀಲಿ ಕೊಡಿಸೋಣ, ನಾನೇ ಮುಂದೆ ನಿಂತು ಮಾಡಿಸ್ತೀನಿ. ನೀವು ಇದನ್ನ ಬರೆದ್ರೆ ಓಡ್ತಿರೋ ಅಷ್ಟೂ ಲಾಂಚ್ ನಾಳೆ ನಿಲ್ಲುತ್ತೆ. ನಿಮ್ಮ ಮೇಲೆ ಕೇಸಾಗುತ್ತೆ. ಇನ್ನೊಂದ್ಸಲ ಯೋಚ್ನೆ ಮಾಡಿ."

ಪಿಂಚಣಿಯೂ ಸಿಗುತ್ತದೆ, ತಾನೂ ಉಳಿಯುತ್ತೇನೆ. ಎಷ್ಟು ಸಲೀಸು! ಒಂದು ಗಳಿಗೆ ಅವನ ಮನಸ್ಸು ಜಾರಿತು, ಸುಳ್ಳೇಕೆ ಹೇಳಬೇಕು. ಕೆಳಗಿನ ಬೆಲೆ ಗೆರೆ ದಾಟಿದಾಗ ಎದೆ ಹಗುರಾಗಿತ್ತಲ್ಲ, ಹಾಗೇ ಇನ್ನೇನು ಹಗುರಾಗಲಿತ್ತು. ಅಷ್ಟರಲ್ಲಿ ಕಾರ್ಯದರ್ಶಿ ಮಾತು ಮುಗಿಯಿತೆಂಬಂತೆ ಪೆನ್ನಿನ ತುದಿಯಿಂದ ಕಡತದ ರಟ್ಟಿನ ಮೇಲೆ ಎರಡು ಸಲ ಕುಟ್ಟಿದಳು. ಟಪ್, ಟಪ್. ಮಂಕು ಸದ್ದು. ಆ ಹಳೇ ತಗಡಿನದೇ ಸದ್ದು.

"ನಾಳೆ ನಿಲ್ಲೋದು ಬೇಡ ಮೇಡಂ," ಎಂದ. "ಇವತ್ತೇ ನಿಲ್ಲಿಸ್ಬೇಕು. ಮೂರು ಲಾಂಚಿಗೆ ಹನ್ನೊಂದು ದಾಟಿದೆ. ಆ ಲೆಕ್ಕ ನನ್ನ ತಲೇಲಿ ಯಾವಾಗ್ಲೂ ಇತ್ತು."

ಕಾರ್ಯದರ್ಶಿ ಅವನನ್ನೇ ದಿಟ್ಟಿಸಿ ನೋಡಿದಳು. ಕನ್ನಡಕ ಹಾಕಿಕೊಂಡು, "ಸರಿ, ನಿಮ್ಮ ಕೈ, ನಿಮ್ಮ ಪೆನ್ನು," ಎಂದಳು. ಅವಳ ಮುಖದಲ್ಲಿದ್ದ ಸ್ನೇಹ ಆ ಕ್ಷಣಕ್ಕೇ ಮಾಯವಾಗಿತ್ತು.

ಆ ಕಚೇರಿಯಲ್ಲಿ ಟಿಪ್ಪಣಿಗಳೆಲ್ಲ ಕಪ್ಪು ಶಾಯಿಯಲ್ಲಿ. ಅವನು ಪಕ್ಕದ ಗುಮಾಸ್ತೆಯ ಹತ್ತಿರ ನೀಲಿ ಪೆನ್ನು ಕೇಳಿ ಈಸಿಕೊಂಡ. ಒಂದೂವರೆ ಪುಟ ಬರೆದ. ಹದಿನೆಂಟು ಎಂಬುದು ಯಾವ ಲೆಕ್ಕದಿಂದಲೂ ಬಂದದ್ದಲ್ಲ, ನಾನು ಕೈಯಾರೆ ಹಾಕಿದ್ದು. ಹನ್ನೊಂದು ಎಂದು ಮೇಸ್ತ್ರಿ ನನಗೆ ಮುಖತಃ ಹೇಳಿದ್ದ, ನಾನು ಬರೆದುಕೊಂಡಿದ್ದೆ, ನೋಟ್‌ಬುಕ್ಕು ಲಗತ್ತಿಸಿದೆ. ಯಾರೂ ಕೇಳದಿರಲೆಂದು ಸಂಖ್ಯೆಯ ಬಣ್ಣ ಬದಲಿಸಿದೆ. ಈ ಇಲಾಖೆಗೆ ಬಂದ ಮೇಲೂ ಸರಿಪಡಿಸುವ ಅವಕಾಶ ಸಿಕ್ಕಿತ್ತು, ಕಾರಣ ಕೇಳಿದ್ದಕ್ಕೆ ಸುಮ್ಮನಾದೆ. ಕೊನೆಯ ಸಾಲಿಗೆ ಬಂದಾಗ ಕೈ ನಿಂತಿತು. ಅದನ್ನು ಬಿಟ್ಟರೂ ಟಿಪ್ಪಣಿಗೆ ಏನೂ ಕೊರತೆಯಿರಲಿಲ್ಲ. ಬರೆದ: "ಇದು ಮರೆವಲ್ಲ. ಈ ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಹೆಂಡತಿಯನ್ನಾಗಲಿ ಮಗಳನ್ನಾಗಲಿ ಒಂದು ದಿನವೂ ಈ ಲಾಂಚುಗಳನ್ನು ಹತ್ತಲು ನಾನು ಬಿಟ್ಟಿಲ್ಲ."

ಕೆಳಗೆ ಹೆಸರು ಬರೆದ. ಚುಟುಕು ರುಜು ಅಲ್ಲ, ಪೂರ್ತಿ ಹೆಸರು.

ಎರಡು ಗಂಟೆಗೆ ಡ್ರೈವರು ಬಂದಳು. ಅವನು ಎದ್ದು ನಿಂತು, ಟಿಪ್ಪಣಿಯ ಪ್ರತಿಯನ್ನು ಅವಳ ಕೈಗೆ ಕೊಟ್ಟ.

"ಪಟ್ಟೆ ಟೈನವನು ನಾನೇ," ಎಂದ. "ಬುಧವಾರಾನೇ ಹೇಳ್ಬೇಕಿತ್ತು. ಬಾಯಿ ಬರಲಿಲ್ಲ."

ಅವಳು ಅವನನ್ನು ನೋಡಿದಳು. ಬಯ್ಯುತ್ತಾಳೆ ಎಂದುಕೊಂಡ, ಬೈದಿದ್ದರೆ ಚೆನ್ನಾಗಿತ್ತು. ಅವತ್ತು ಮಾತ್ರ ಅವಳು ಕುರ್ಚಿ ಎಳೆದುಕೊಂಡು ಕೂತಳು. ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದಳು. ಮೇಸ್ತ್ರಿ ಹೇಳಿದ್ದ ಎಂಬಲ್ಲಿ ಮೂಗೇರಿಸಿ ಒಮ್ಮೆ ಅಂಗೈಯಿಂದ ಕಣ್ಣು ಒತ್ತಿಕೊಂಡಳು. ಕೊನೆಯ ಸಾಲಿಗೆ ಬಂದು ಬೆರಳು ನಿಂತಿತು.

"ನಿಮ್ಮ ಮಗಳಿಗೆ ಎಷ್ಟು ವಯಸ್ಸು?"

"ಇಪ್ಪತ್ನಾಲ್ಕು."

"ಹೇಗೆ ಹೋಗ್ತಿದ್ಲು, ಆ ದಡಕ್ಕೆ?"

"ಕಾರಲ್ಲಿ. ಸೇತುವೆ ಮೇಲೆ."

"ನಾನು ಶಾಲೆಗೆ ದಿನಾ ಲಾಂಚಲ್ಲೇ ಹೋಗ್ತಿದ್ದೆ," ಎಂದಳು ಅವಳು. "ಮೇಲೆ ಬಿಸಿಲು ಅಂತ ಅಪ್ಪ ನನ್ನ ಕೆಳಗೆ, ಇಂಜಿನ್ ಪಕ್ಕ ಕೂರಿಸ್ಕೊಳ್ಳೋರು. ತಗಡಿಗೆ ಬೆನ್ನು ಕೊಟ್ಟು ಪಾಠ ಓದ್ತಿದ್ದೆ."

ದಶಾಂಶನಿಗೆ ಕ್ಷಮಿಸು ಎನ್ನುವ ಪದ ನಾಲಿಗೆಯ ತುದಿಗೆ ಬಂದು, ಅದನ್ನು ಕೇಳುವುದೂ ಒಂದು ವ್ಯವಹಾರವೇ ಅನಿಸಿ ಹಿಂದೆ ಹೋಯಿತು.

ಅವಳು ಚೀಲದಿಂದ ಡೈರಿ ತೆಗೆದು, ಆ ಪುಟ ಬಿಡಿಸಿ ಅವನ ಮುಂದಿಟ್ಟಳು. "ಇಲ್ಲಿ 'ಪಟ್ಟೆ ಟೈನವನು' ಅಂತ ಇದೆಯಲ್ಲ, ಕೆಳಗೆ ನಿಮ್ಮ ಹೆಸರು ಬರೀರಿ. ಅಪ್ಪನಿಗೆ ಯಾರ ಹೆಸರನ್ನೂ ಕೇಳಿಟ್ಕೊಂಡು ಅಭ್ಯಾಸ ಇರಲಿಲ್ಲ."

ಅವನು ಬರೆದ. "ಒಳ್ಳೆಯವನ ಹಾಗೆ ಕಂಡ" ಎಂಬ ಸಾಲಿನ ಕೆಳಗಷ್ಟೇ ಜಾಗವಿತ್ತು. ಅಲ್ಲೇ ಬರೆಯಬೇಕಾಯಿತು.

"ಆ ಸಾಲನ್ನ ಹೊಡೆದು ಹಾಕ್ಲಾ?" ಎಂದು ಕೇಳಿದ, ಪೆನ್ನು ಎತ್ತದೆ.

ಅವಳು ಡೈರಿಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಬೇಡ.  ಅಪ್ಪ ಬರೆದಿದ್ದು ಹಾಗೇ ಇರ್ಲಿ," ಎಂದು ಶಾಯಿ ಆರಲೆಂದು ಊದಿ, ಪುಟ ಮುಚ್ಚಿದಳು. ಬಾಗಿಲವರೆಗೆ ಹೋಗಿ ತಿರುಗಿದಳು. "ಜನರನ್ನ ಅಳೆಯೋದ್ರಲ್ಲಿ ನಮ್ಮಪ್ಪ ಸ್ವಲ್ಪ ಹಿಂದೆ ಸಾರ್. ತಗಡಲ್ಲಿ ಮಾತ್ರ ಒಂದಿನಾನೂ ತಪ್ಪಿದವರಲ್ಲ."

ಟೋಪಿ ಹಾಕಿಕೊಂಡು ಅವಳು ಮೆಟ್ಟಿಲಿಳಿದಳು. ಎರಡೂ ನಲವತ್ತಕ್ಕೆ ಅವಳ ಬಸ್ಸಿತ್ತು.